ಮಂಗಳೂರು ಹಂಚಿನ ಹಿಂದಿನ ಮಿಷನ್ ಕಥೆ

ಮೂಡಿಗೆರೆ, ಕಳಸದ ಕಡೆ ಹಳೇ ಮನೆಗಳ ಮಾಡು ನೋಡಿರ್ತೀರಿ. ಪಾಚಿ ಕಟ್ಟಿದ ಕೆಂಪು ಹಂಚು. ಅದನ್ನ ನಾವು ಮಂಗಳೂರು ಹಂಚು ಅಂತೀವಿ. ಅದು ಶುರುವಾಗಿದ್ದು ಒಂದು ಕ್ರೈಸ್ತ ಮಿಷನ್‌ನಿಂದ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಪತ್ರಿಕೆ ತಂದ ಮೋಗ್ಲಿಂಗ್, ನಿಘಂಟು ಮಾಡಿದ ಕಿಟೆಲ್ ಹೆಸರು ಎಲ್ಲರಿಗೂ ಗೊತ್ತು. ಅಚ್ಚುಕೂಟ, ಮಗ್ಗ, ಲೆಕ್ಕ ನೋಡಿಕೊಂಡವರನ್ನ ಯಾರೂ ಕೇಳಲ್ಲ. ಜಾರ್ಜ್ ಪ್ಲೆಬ್‌ಸ್ಟ್ ಅಂಥವರಲ್ಲೊಬ್ಬರು. ಅಚ್ಚುಕೂಟದ ಕೆಲಸಕ್ಕೆ ಬಂದ ಮನುಷ್ಯ.

ಮಿಷನ್ ಮುಂದಿದ್ದ ನಿಜವಾದ ಕಷ್ಟ ಊಟದ್ದು. ಮತ ಬದಲಿಸಿದವರನ್ನ ಮನೆಯವರು, ಜಾತಿಯವರು ಹೊರಗೆ ಹಾಕ್ತಿದ್ರು. ಕುಲಕಸುಬೂ ಹೋಗ್ತಿತ್ತು. ಉಪದೇಶದಿಂದ ಹೊಟ್ಟೆ ತುಂಬಲ್ವಲ್ಲ! ಹಾಗಾಗಿ ಮೊದಲು ನೇಯ್ಗೆ ಶುರುವಾಯ್ತು. 1865ರಲ್ಲಿ ಪ್ಲೆಬ್‌ಸ್ಟ್ ನೇತ್ರಾವತಿ ದಡದ ಜೇಡಿಮಣ್ಣಿನಿಂದ ಹಂಚಿನ ಕಾರ್ಖಾನೆ ತೆರೆದರು. ಹುಲ್ಲು, ಸೋಗೆ ಮಾಡು ಮತ್ತೆ ಮತ್ತೆ ಹೊದಿಸಬೇಕು, ಬೆಂಕಿಯ ಭಯ ಬೇರೆ. ಒಂದಕ್ಕೊಂದು ಕಚ್ಚಿ ಕೂರುವ ಹಂಚು ಮಲೆನಾಡಿನ ಮಳೆಗೂ ಸರಿಹೋಯ್ತು.

ಆದ್ರೆ ಇದರಲ್ಲೊಂದು ತೊಡಕೂ ಇತ್ತು ಅನ್ಸುತ್ತೆ ನನಗೆ. ಕೂಲಿ ಕೊಡೋರೂ ಅವರೇ, ಸಭೆ ನಡೆಸೋರೂ ಅವರೇ. ಧಣಿ ಜೊತೆ ಜಗಳ ಆಡಿದವ ಭಾನುವಾರ ಯಾವ ಮುಖ ಹೊತ್ತು ಚರ್ಚ್‌ಗೆ ಹೋಗ್ಬೇಕು?

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಈ ಉದ್ಯಮಗಳನ್ನ ವಶಕ್ಕೆ ತಗೊಳ್ತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಷ್ಟರಲ್ಲಿ ಹಂಚಿನ ಕಸುಬು ಬೇರೆಯವರ ಕಾರ್ಖಾನೆಗಳಿಗೂ ಹಬ್ಬಿತ್ತು.

ನಿಮ್ಮನೆ ಹಳೇದಾಗಿದ್ರೆ ಅಟ್ಟ ಹತ್ತಿ ಹಂಚಿನ ಅಡಿ ನೋಡಿ, ಕಾರ್ಖಾನೆ ಹೆಸರು ಒತ್ತಿರ್ತಾರೆ. ಬಾಸೆಲ್ ಮಿಷನ್ ಅಂತ ಸಿಕ್ಕಿದ್ರೆ ಫೋಟೊ ತೆಗೆದು ನಮಗೂ ಕಳಿಸಿ.