ಮಂಗಳೂರಿನಿಂದ ಅಡಿಕೆ ಕಳಿಸಿದ ಯೆಹೂದಿ

ಸೊರಬದ ನಮ್ಮ ತೋಟದ ಅಡಿಕೆ ಮಂಡಿ ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆಂದು ನಾನು ತಲೆ ಕೆಡಿಸಿಕೊಂಡವನಲ್ಲ. ಆದರೆ ಸುಮಾರು ಒಂಬೈನೂರು ವರ್ಷದ ಹಿಂದೆ ಮಂಗಳೂರಿನಿಂದ ಏಡನ್‌ಗೆ ಅಡಿಕೆ ಕಳಿಸುತ್ತಿದ್ದ ಯೆಹೂದಿಯೊಬ್ಬನ ವಿಷಯ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅವನ ಧರ್ಮದ ಬುಡ ಹುಡುಕಿಕೊಂಡು ಹೊರಟೆ.

ಅವನು ಅಬ್ರಹಾಂ ಬೆನ್ ಯಿಜು, ಈಗಿನ ಟುನೀಶಿಯಾದ ಮಹದಿಯಾ ಬಂದರಿನವನು. ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಸಾಗಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. ಆಶು ಎಂಬ ದಾಸಿಯನ್ನು ಅವನು 1132ರ ಅಕ್ಟೋಬರ್ 17ರಂದು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂಬುದು ವಿದ್ವಾಂಸರ ಊಹೆ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳನ್ನು ಲೇಖಕ ಅಮಿತಾವ್ ಘೋಷ್ 'ಬೊಮ್ಮ' ಎಂದು ಗುರುತಿಸಿದ್ದಾರೆ. ಶಿಕಾರಿಪುರದ ಬಳ್ಳಿಗಾವಿಯಲ್ಲಿ ಶೈವರು, ಜೈನರು, ಬೌದ್ಧರು ಅಕ್ಕಪಕ್ಕದಲ್ಲೇ ಬಾಳಿದ ಕಾಲಮಾನವೂ ಹೆಚ್ಚುಕಡಿಮೆ ಅದೇ.

ಯೆಹೂದಿಗಳ ಕತೆ ಶುರುವಾಗುವುದು ಇನ್ನೊಬ್ಬ ಅಬ್ರಹಾಮನಿಂದ. ಒಬ್ಬನೇ ದೇವರ ಮಾತು ನಂಬಿ, ಮನೆಮಠ ಬಿಟ್ಟು ಕಾನಾನ್ ನಾಡಿಗೆ ಬಂದವನು ಅವನು. ಮೊಮ್ಮಗ ಯಾಕೋಬನ ಹನ್ನೆರಡು ಗಂಡುಮಕ್ಕಳಿಂದ ಕುಲಗಳು ಬೆಳೆದವು. ಬರಗಾಲಕ್ಕೆ ಈಜಿಪ್ಟಿಗೆ ಗುಳೆ ಹೋದವರು ಅಲ್ಲಿ ಗುಲಾಮರಾದರು, ಮೋಶೆ ಬಿಡಿಸಿ ತಂದ, ಸೀನಾಯ್ ಬೆಟ್ಟದಲ್ಲಿ ದೇವರ ಆಜ್ಞೆಗಳು ಸಿಕ್ಕವು. ಇದು ಅವರ ಗ್ರಂಥ ತೋರಾ ಹೇಳುವ ಮಾತು. ಇತಿಹಾಸಕಾರರ ಕೈಗೆ ಸಿಗುವುದು ಒಂದು ಕಲ್ಲು: ಕ್ರಿ.ಪೂ. 1208ರ ಸುಮಾರಿಗೆ ಈಜಿಪ್ಟಿನ ದೊರೆ ಮೆರ್ನೆಪ್ತಾ ಹಾಕಿಸಿದ ಶಾಸನ. ಇಸ್ರೇಲ್ ಎಂಬ ಜನರನ್ನು ನಿರ್ವಂಶ ಮಾಡಿದೆನೆಂದು ಅದರಲ್ಲಿ ಕೊಚ್ಚಿಕೊಂಡಿದ್ದಾನೆ. ಶಾಸನಗಳ ಬಡಾಯಿ ತಾಳಗುಂದದ ಸೀಮೆಯವರಿಗೆ ಹೊಸದೇನಲ್ಲ ಬಿಡಿ.

ಮುಂದೆ ಯೆರೂಸಲೇಮಿನಲ್ಲಿ ದೇವಾಲಯ ಎದ್ದಿತು. ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಕೆಡವಿದರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನರು ಸುಟ್ಟರು. ಬಲಿ ಕೊಡಲು ಪೀಠವೇ ಇಲ್ಲದ ಮೇಲೆ ಆ ಧರ್ಮ ಉಳಿಯಿತಾದರೂ ಹೇಗೆ? ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಇದೇ. ಪೂಜಾರಿಯ ಜಾಗಕ್ಕೆ ಶಾಸ್ತ್ರ ಬಲ್ಲ ರಬ್ಬಿ ಬಂದ, ಬಲಿಯ ಜಾಗಕ್ಕೆ ಪ್ರಾರ್ಥನೆ ಮತ್ತು ಓದು ಬಂದವು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಸೇರಿದರೆ ಸಾಕು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಕೆಲಸ ಬಂದ್. ಊಟದ ಕಟ್ಟುಪಾಡು ಅಡುಗೆಮನೆಯಲ್ಲೇ ನಡೆಯಿತು: ಹಂದಿ ಕೂಡದು, ಮಾಂಸ-ಹಾಲು ಬೆರೆಸಕೂಡದು. ಹೊತ್ತುಕೊಂಡು ಹೋಗಬಹುದಾದ ಧರ್ಮ. ಹಾಗಾಗಿಯೇ ಮಂಗಳೂರಿಗೂ ಬಂತು.

ಅವರ ಪಂಚಾಂಗ ನೋಡಿದರೆ ನಮ್ಮ ಭಟ್ಟರು ಖುಷಿಪಟ್ಟಾರು. ಚಾಂದ್ರಮಾನ ತಿಂಗಳು, ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕಮಾಸ. ಕೃಷಿಯ ನಿಯಮಗಳೂ ಉಂಟು. ಇಸ್ರೇಲಿನ ನೆಲವನ್ನು ಏಳನೇ ವರ್ಷ ಉಳದೆ ಬಿಡಬೇಕು. ನೆಟ್ಟ ಗಿಡದ ಹಣ್ಣನ್ನು ಮೊದಲ ಮೂರು ವರ್ಷ ತಿನ್ನಬಾರದು. ಅಡಿಕೆ ಬೆಳೆಗಾರನಿಗೆ ಈ ಎರಡನೆಯದು ಕಷ್ಟವಲ್ಲ. ಮೂರು ವರ್ಷದಲ್ಲಿ ನಮ್ಮ ಸಸಿ ಹಿಂಗಾರವನ್ನೇ ಬಿಟ್ಟಿರುವುದಿಲ್ಲ.

ಇಷ್ಟೆಲ್ಲ ವಿವರ ಉಳಿದದ್ದೂ ಅವರ ಒಂದು ಆಚಾರದಿಂದಲೇ. ದೇವರ ಹೆಸರಿರುವ ಬರಹವನ್ನು ಕಸಕ್ಕೆ ಹಾಕುವಂತಿಲ್ಲ. ಹಳೇ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಶತಮಾನಗಟ್ಟಲೆ ಕಾಗದ ತುಂಬುತ್ತ ಹೋಯಿತು. ಶಾಸ್ತ್ರದ ಹಾಳೆಗಳ ಜೊತೆ ಸಾಲದ ಚೀಟಿ, ವ್ಯಾಪಾರದ ಪತ್ರಗಳೂ ಸೇರಿದವು. ವಿದ್ವಾಂಸ ಸಾಲೊಮನ್ ಶೆಕ್ಟರ್ 1897ರಲ್ಲಿ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಬೆನ್ ಯಿಜುವಿನ ಪತ್ರಗಳು ಸಿಕ್ಕಿದ್ದು ಆ ರಾಶಿಯಲ್ಲಿ. ನುಡಿ ಅರಬ್ಬಿ, ಲಿಪಿ ಹೀಬ್ರೂ. ನಮ್ಮ ಕೊಂಕಣಿಯವರು ಕನ್ನಡ ಅಕ್ಷರದಲ್ಲಿ ಬರೆದ ಹಾಗೆ.

1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಮರಳಿದ. ಮಗಳನ್ನು ಸ್ವಂತ ಸೋದರನ ಮಗನಿಗೇ ಕೊಡುವುದೆಂದು ಪಟ್ಟು ಹಿಡಿದ. 1156ರಲ್ಲಿ ಮದುವೆ ಆಯಿತು. ಇದನ್ನು ಹೇಳಿದಾಗ ಶಿಕಾರಿಪುರದ ನಮ್ಮ ಅಕ್ಕ ಮುಖ ಸಿಂಡರಿಸಿದಳು. ಸೋದರಮಾವನಿಗೆ ಕೊಟ್ಟಿದ್ದರೆ ಸರಿ, ಅಣ್ಣತಮ್ಮಂದಿರ ಮಕ್ಕಳು ಅಣ್ಣತಂಗಿ ಅಲ್ಲವೇನೋ ಎಂದಳು.