ದೊಡ್ಡ ಬೈಕು ಕೊಳ್ಳುವ ಮುನ್ನ ಬೆನ್ನಿನ ಮಾತು ಕೇಳಿ

ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳ ಮುಂದೆ ದೊಡ್ಡ ಎಂಜಿನ್ನಿನ ಕ್ರೂಸರ್ ಬೈಕುಗಳು ಈಗ ಅಪರೂಪವಲ್ಲ. ತಗ್ಗಿನ ಸೀಟು, ಅಗಲವಾದ ಹ್ಯಾಂಡಲ್, ಮುಂದಕ್ಕೆ ಚಾಚಿದ ಕಾಲು, ದಪ್ಪನೆಯ ಟೈರು, ಗಡುಸಾದ ಸದ್ದು, ಆಕ್ಸಿಲರೇಟರ್ ತಿರುವಿದೊಡನೆ ಮುನ್ನುಗ್ಗುವ ಶಕ್ತಿ - ಸವಾರರು ಬಯಸುವುದು ಇವನ್ನೇ.

ಮೈಸೂರಿನಲ್ಲಿ ತಯಾರಾಗುತ್ತಿದ್ದ 250 ಸಿ.ಸಿ.ಯ ಜಾವಾ, ಯೆಜ್ಡಿಗಳೇ ಒಂದು ಕಾಲಕ್ಕೆ ನಮಗೆ ದೊಡ್ಡ ಗಾಡಿಗಳು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2023ರಲ್ಲಿ ಮಾರುಕಟ್ಟೆಗೆ ಬಂದ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯಾರ್‌ನ ಎಂಜಿನ್ 648 ಸಿ.ಸಿ., ತೂಕ 241 ಕೆ.ಜಿ. ಟ್ರಯಂಫ್ ರಾಕೆಟ್-3 ಎಂಬ ಬೈಕಿನದು 2,458 ಸಿ.ಸಿ.; ನಮ್ಮ ಅನೇಕ ಕಾರುಗಳ ಎಂಜಿನ್ನಿಗಿಂತಲೂ ದೊಡ್ಡದು!

ಬಯಕೆಯಲ್ಲಿ ತಪ್ಪೇನಿಲ್ಲ. ಆದರೆ ಗಾಡಿ ಸವಾರನ ಮೈಗೆ ಒಗ್ಗಬೇಕು ಎಂಬ ಮುಖ್ಯ ಅಂಶ ಈ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಕ್ರೂಸರ್ ಹುಟ್ಟಿದ್ದು ಉದ್ದನೆಯ ನೇರ ಹೆದ್ದಾರಿಗಾಗಿ. ನಾವು ಅದನ್ನು ದಿನವೂ ಓಡಿಸುವುದು ಬನಶಂಕರಿಯಿಂದ ಬಿ.ಟಿ.ಎಂ. ಬಡಾವಣೆ ದಾಟಿ ಸಿಲ್ಕ್ ಬೋರ್ಡ್‌ವರೆಗೆ; ಹಂಪು, ಗುಂಡಿ, ಸಿಗ್ನಲ್‌ಗಳ ನಡುವೆ.

ಕಾಲು ಮುಂದೆ, ಭಾರ ಬೆನ್ನಿಗೆ

ಸಾಮಾನ್ಯ ಬೈಕಿನಲ್ಲಿ ಪಾದಗಳು ಹೆಚ್ಚುಕಡಿಮೆ ಸೊಂಟದ ಕೆಳಗೇ ಇರುತ್ತವೆ. ಹಂಪು ಬಂದಾಗ ಕಾಲೂರಿ ಸ್ವಲ್ಪ ಮೇಲೆದ್ದರೆ ಮಂಡಿ, ತೊಡೆಗಳೇ ಆಘಾತವನ್ನು ನುಂಗಿಕೊಳ್ಳುತ್ತವೆ. ಪಾದಗಳು ಬಹಳ ಮುಂದಿದ್ದರೆ ಹೀಗೆ ಏಳಲಾಗದು. ದೇಹದ ಭಾರವೆಲ್ಲ ಬಾಲಮೂಳೆಯ ಮೇಲೆ ಬಿದ್ದು, ಕೆಳಬೆನ್ನು ಗೂನಾಗಿ, ಪ್ರತಿ ಕುಲುಕಾಟವೂ ನೇರವಾಗಿ ಬೆನ್ನುಮೂಳೆಗೆ ತಾಗುತ್ತದೆ. ಮೂಳೆಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳಿಗೆ ಇದರಿಂದ ಒತ್ತಡ. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತವರ ಬೆನ್ನು ಮೊದಲೇ ದಣಿದಿರುತ್ತದೆ ಎಂಬುದನ್ನು ಮರೆಯಬಾರದು. ಪಾದ ತೀರಾ ಮುಂದಿರದ, ಸೊಂಟಕ್ಕೆ ಒತ್ತಾಸೆಯಿರುವ ಸೀಟಿನ ಗಾಡಿ ನಮ್ಮ ರಸ್ತೆಗಳಿಗೆ ಮೇಲು.

ತೂಕದ ಲೆಕ್ಕ

ನೂರು, ನೂರಹತ್ತು ಕೆ.ಜಿ.ಯ ಸ್ಕೂಟರ್ ವಾಲಿದರೆ ಕಾಲೂರಿ ತಡೆಯಬಹುದು. 240 ಕೆ.ಜಿ.ಯ ಗಾಡಿ ಒಂದು ಹಂತ ಮೀರಿ ವಾಲಿದರೆ ತಡೆಯಹೋದವರ ಮಂಡಿ, ಸೊಂಟ ಉಳುಕುವುದೇ ಹೆಚ್ಚು. ತಗ್ಗಿನ ಸೀಟಿನ ನಿಜವಾದ ಪ್ರಯೋಜನ ಇಲ್ಲಿದೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ತುದಿಗಾಲು ಸಾಲದು. ಬಿದ್ದ ಬೈಕನ್ನು ಸೊಂಟ ಬಗ್ಗಿಸಿ ಎತ್ತಬೇಡಿ. ಎಂಜಿನ್ ಆರಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಕಾಲಿನ ಬಲದಿಂದ ಮೇಲೆತ್ತಿ. ಸಾಧ್ಯವಾದರೆ ಇನ್ನೊಬ್ಬರನ್ನು ಕರೆಯಿರಿ.

ಕೈಬೆರಳು, ಮೀನಖಂಡ

ಟ್ರಾಫಿಕ್ಕಿನಲ್ಲಿ ಕ್ಲಚ್ಚನ್ನು ಮತ್ತೆಮತ್ತೆ ಹಿಡಿದುಬಿಡುವುದರಿಂದ ಮಣಿಕಟ್ಟು, ಹೆಬ್ಬೆರಳ ಬುಡದಲ್ಲಿ ನೋವು ಬರಬಹುದು. ಎಂಜಿನ್ನಿನ ಅದುರುವಿಕೆಯಿಂದ ಬೆರಳು ಜೋಮು ಹಿಡಿಯುವುದೂ ಉಂಟು. ಹಗುರವಾದ ಕ್ಲಚ್ಚು, ಅದುರು ಕಡಿಮೆಯಿರುವ ಹ್ಯಾಂಡಲ್ ಬೇಕೆನ್ನುವುದು ಶೋಕಿಯಲ್ಲ.

ದೊಡ್ಡ ಎಂಜಿನ್ ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಕಾರುತ್ತದೆ. ತಡೆದುಕೊಳ್ಳಬಹುದೆನಿಸುವ ಶಾಖವೂ ಬಹಳ ಹೊತ್ತು ತಾಗಿದರೆ ಚರ್ಮವನ್ನು ಸುಡಬಲ್ಲದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದೇ ತಿಳಿಯದೆ ಹೋಗಬಹುದು. ಚಡ್ಡಿ, ಚಪ್ಪಲಿಯಲ್ಲಿ ಸವಾರಿ ಬೇಡ. ಸೈಲೆನ್ಸರ್ ತಾಗಿ ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡಿ. ಮಂಜುಗಡ್ಡೆ, ಟೂತ್‌ಪೇಸ್ಟ್ ಹಚ್ಚಬೇಡಿ.

ಹಿಂದೆ ಕುಳಿತವರು

ಅನೇಕ ಕ್ರೂಸರ್‌ಗಳಲ್ಲಿ ಹಿಂದಿನ ಸೀಟು ಕಿರಿದು, ಒರಗಲು ಆಸರೆಯಿಲ್ಲ. ಮನೆಯವರೂ ದಿನಾ ಕೂರುವವರಾದರೆ ಅವರನ್ನೂ ಅಂಗಡಿಗೆ ಕರೆದೊಯ್ದು ಕೂರಿಸಿ ನೋಡಿ. ಹಿಂಬದಿ ಸವಾರರಿಗೂ ಕರ್ನಾಟಕದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ ಧರಿಸಿದರೆ ಅಪಘಾತದಲ್ಲಿ ಸಾವಿನ ಸಂಭವ ಸುಮಾರು ಶೇಕಡಾ 40ರಷ್ಟು ಕಡಿಮೆಯಾಗುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಟೋಪಿಯಂಥ ಅರೆ ಹೆಲ್ಮೆಟ್ ಬೇಡ, ಐ.ಎಸ್.ಐ. ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಧರಿಸಿ, ಗಲ್ಲದ ಪಟ್ಟಿ ಬಿಗಿಯಿರಿ. ತಲೆಗೆ ಪೆಟ್ಟಾದವರನ್ನು ನೋಡುವ ನಿಮ್ಹಾನ್ಸ್ ನಮ್ಮ ಬಡಾವಣೆಗಳಿಗೆ ಹತ್ತಿರದಲ್ಲೇ ಇದೆ. ಅಲ್ಲಿಗೆ ಹೋಗುವ ಪ್ರಸಂಗ ಬಾರದಿರಲಿ.

ಕೊಳ್ಳುವ ಮುನ್ನ

* ಬೈಕಿನ ಮೇಲೆ ಹದಿನೈದು ನಿಮಿಷ ಸುಮ್ಮನೆ ಕುಳಿತು ನೋಡಿ. ಬೆನ್ನು, ಕುತ್ತಿಗೆ ಹಿಡಿದುಕೊಂಡರೆ ಅದು ನಿಮಗಲ್ಲ.
* ಪರೀಕ್ಷಾ ಸವಾರಿಯನ್ನು ಖಾಲಿ ರಸ್ತೆಯಲ್ಲಿ ಮಾಡಿ ತೃಪ್ತರಾಗಬೇಡಿ; ಸಂಜೆಯ ದಟ್ಟಣೆಯಲ್ಲೂ ಓಡಿಸಿ.
* ಎಂಜಿನ್ ಆರಿಸಿ, ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಿ. ಮನೆಯ ಇಳಿಜಾರಿನಲ್ಲಿ ದಿನವೂ ಮಾಡಬೇಕಾದ ಕೆಲಸವಿದು.
* ದೂರದ ಪ್ರಯಾಣದಲ್ಲಿ ಗಂಟೆಗೊಮ್ಮೆ ಇಳಿದು ನಡೆದಾಡಿ, ನೀರು ಕುಡಿಯಿರಿ.

ಸವಾರಿಯ ಬಳಿಕ ಬರುವ ಬೆನ್ನುನೋವು ಎರಡು ಮೂರು ವಾರಗಳಾದರೂ ತಗ್ಗದಿದ್ದರೆ, ನೋವು ಮಂಡಿಯಿಂದ ಕೆಳಕ್ಕೆ ಇಳಿದರೆ ವೈದ್ಯರನ್ನು ಕಾಣಿ. ಕಾಲಿನ ಶಕ್ತಿ ಕುಂದಿದರೆ, ಗುದದ ಸುತ್ತ ಮರಗಟ್ಟಿದರೆ ಅಥವಾ ಮೂತ್ರದ ಹತೋಟಿ ತಪ್ಪಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಧಾವಿಸಿ. ಗಾಡಿಯ ಬಿಡಿಭಾಗ ಬದಲಿಸುವುದು ಸುಲಭ, ಬೆನ್ನುಮೂಳೆಯದು ಹಾಗಲ್ಲ.