ಥೆರಪಿಸ್ಟ್ ನಮ್ಮ ಮನೆಯವರಂತೆ ಇರಬೇಕೆ?

ಹೈದರಾಬಾದಿನಲ್ಲಿ ಒಬ್ಬರನ್ನು ಹುಚ್ಚರೆಂದು ಹಂಗಿಸಲು ಎರ್ರಗಡ್ಡದ ಹೆಸರೆತ್ತಿದರೆ ಸಾಕು. ಸರ್ಕಾರಿ ಮಾನಸಿಕ ಆಸ್ಪತ್ರೆ ಇರುವುದು ಅಲ್ಲಿ. ಆ ಹೆದರಿಕೆಗೇ ಇಲ್ಲಿಯ ಅನೇಕ ಕನ್ನಡಿಗರು ಆಸ್ಪತ್ರೆಯ ಬಾಗಿಲು ಬಿಟ್ಟು, "ನಮ್ಮ ಪೈಕಿ ಯಾರಾದರೂ ಕೌನ್ಸೆಲರ್ ಇದ್ದಾರಾ?" ಎಂದು ವಿಚಾರಿಸುತ್ತಾರೆ. ನಮ್ಮವರಾದರೆ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆಂಬ ನಂಬಿಕೆ.

ನಮ್ಮ ಭಾಷೆ ಬಲ್ಲವರು ಬೇಕು, ನಿಜ. ದುಃಖ ಕನ್ನಡದಲ್ಲೇ ಬರುವವರು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಅರ್ಧ ಮಾತ್ರ ಹೇಳಿಯಾರು. ಆದರೆ ನೆಂಟರು, ಗೆಳೆಯರು ಬೇಡ. ಇದೇ ಊರಿನ ಕಾಚಿಗುಡದ ಕನ್ನಡ ವಲಯದಲ್ಲಿ ಒಬ್ಬರ ಮನೆ ಸುದ್ದಿ ಇನ್ನೊಬ್ಬರಿಗೆ ತಿಳಿಯಲು ಹೊತ್ತು ಹಿಡಿಯುವುದಿಲ್ಲ. ನಾಳೆ ಮದುವೆಮನೆಯಲ್ಲಿ ಪಕ್ಕ ಕೂತು ಉಣ್ಣುವವರ ಮುಂದೆ ಗಂಡನ ಕುಡಿತವನ್ನೋ ಸಾಯಬೇಕೆನಿಸಿದ ರಾತ್ರಿಯನ್ನೋ ಯಾರೂ ಪೂರ್ತಿ ಬಿಚ್ಚಿಡಲಾರರು. ಅದಕ್ಕೇ ಒಳ್ಳೆಯ ಥೆರಪಿಸ್ಟ್ ಪರಿಚಿತರನ್ನು ಬೇರೆಯವರ ಬಳಿ ಕಳಿಸುತ್ತಾರೆ. ತಮ್ಮ ಬಳಿ ಚಿಕಿತ್ಸೆಗೆ ಬರುವವರು ರಾಜ್ಯೋತ್ಸವದಲ್ಲಿ ಎದುರಾದರೂ ತಾವಾಗಿ ಮಾತನಾಡಿಸುವುದಿಲ್ಲ. ಅದು ಬಿಂಕವಲ್ಲ. ಗುರುತು ತೋರಿಸುವುದೋ ಬಿಡುವುದೋ ಎಂಬ ಆಯ್ಕೆಯನ್ನು ನಿಮಗೆ ಬಿಟ್ಟಿರುತ್ತಾರೆ.

"ಹೋಗಿ ಬಂದೆ, ಏನು ಮಾಡಬೇಕೆಂದು ಹೇಳಲೇ ಇಲ್ಲ" ಎಂಬ ದೂರೂ ಇದೆ. ಒಳ್ಳೆಯ ಥೆರಪಿಸ್ಟ್ ಎಂದರೆ ಒಳ್ಳೆಯ ಬುದ್ಧಿವಾದ ಎಂಬ ಎಣಿಕೆ ಇದರ ಹಿಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಹೇಳಿದ್ದು ಬೇರೆ. ಚಿಕಿತ್ಸೆಯ ಸಂಬಂಧ ನಿಲ್ಲುವುದು ಮೂರರ ಮೇಲೆ: ಗುರಿ ಯಾವುದೆಂಬ ಒಪ್ಪಂದ, ಅದಕ್ಕೆ ಮಾಡಬೇಕಾದ ಕೆಲಸದ ಒಪ್ಪಂದ, ಇಬ್ಬರ ನಡುವಿನ ನಂಬುಗೆ. ಈ ಮೂರೂ ಎಷ್ಟು ಗಟ್ಟಿಯಾಗಿವೆ ಎಂಬುದಕ್ಕೂ ಚಿಕಿತ್ಸೆಯ ಫಲಕ್ಕೂ ನಂಟಿರುವುದನ್ನು ಅನಂತರದ ಸಂಶೋಧನೆಗಳು ಮತ್ತೆ ಮತ್ತೆ ಕಂಡಿವೆ. ಆದರೂ ನಮ್ಮ ಜನರ ದೂರನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ, ಗುರು-ಶಿಷ್ಯ ಸಂಬಂಧವೇ ಭಾರತದಲ್ಲಿ ಚಿಕಿತ್ಸೆಗೆ ಮಾದರಿಯಾಗಬಹುದೆಂದು 1973ರಲ್ಲಿ ವಾದಿಸಿದ್ದರು. ಸುಮ್ಮನೆ ಕೇಳುತ್ತ ಕೂರುವವರನ್ನು ನಮ್ಮಲ್ಲಿ ಅಸಡ್ಡೆಯವರೆಂದು ತಿಳಿಯುತ್ತಾರೆ; ಇಲ್ಲಿಯ ಥೆರಪಿಸ್ಟ್ ಹೆಚ್ಚು ಮಾತನಾಡಬೇಕು, ತಾನು ಮಾಡುತ್ತಿರುವುದನ್ನು ಬಿಡಿಸಿ ಹೇಳಬೇಕು. ಆದರೆ ಗುರುವಿನ ಋಣ ಜನ್ಮವಿಡೀ ಉಳಿಯುತ್ತದೆ. ಥೆರಪಿಸ್ಟ್ ಮಾತ್ರ ನಿಮಗೆ ತನ್ನ ಅಗತ್ಯವೇ ಇಲ್ಲದ ದಿನಕ್ಕಾಗಿ ಮೊದಲಿನಿಂದಲೂ ದುಡಿಯಬೇಕು.

ಶುಲ್ಕ ಕಟ್ಟಿದ ತಂದೆಗೆ ವಯಸ್ಕ ಮಗಳ ಒಳಮಾತು ಕೇಳುವ ಹಕ್ಕಿದೆ ಎಂದುಕೊಂಡವರು ಬಹಳ. ಬರೀ ಹಣ ಕಟ್ಟಿದ್ದರಿಂದ ಆ ಹಕ್ಕು ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂಥ ಕೆಲವು ವಿನಾಯಿತಿಗಳಿವೆ. ಅವನ್ನು ಮೊದಲ ಭೇಟಿಯಲ್ಲೇ ತಿಳಿಸುವುದು ಒಳ್ಳೆಯ ಥೆರಪಿಸ್ಟಿನ ಲಕ್ಷಣ.

ನಡುರಾತ್ರಿ ಥೆರಪಿಸ್ಟ್ ಫೋನ್ ಎತ್ತಲಿಲ್ಲವೆಂದರೆ ಅಕ್ಕರೆಯಿಲ್ಲ ಎಂದೂ ಅಲ್ಲ. ಆ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಬಳಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಂಡರೆ ಎದ್ದು ಬನ್ನಿ.